ಮೀನು, ಹಾರ್ಮೋನು ಮತ್ತು ರೇಚಲ್ ಕಾರ್ಸನ್: ಫಾರ್ವರ್ಡ್ ಮಾಡುವ ಮುನ್ನ ಓದಿ

ಮೀನಿನಲ್ಲಿ ಹೆಣ್ಣು ಹಾರ್ಮೋನು ತುಂಬಿದೆ, ತಿನ್ನಬೇಡಿ ಎಂಬ ಸಂದೇಶ ನಿಮಗೂ ಬಂದಿರಬಹುದು. ರೇಚಲ್ ಕಾರ್ಸನ್ ಎಂಬ ಲೇಖಕಿ ಡಿಡಿಟಿ ನಿಲ್ಲಿಸಿ ಲಕ್ಷಾಂತರ ಜನರನ್ನು ಮಲೇರಿಯಾಕ್ಕೆ ಬಲಿಕೊಟ್ಟರು ಎಂಬ ಇನ್ನೊಂದು ಸಂದೇಶವೂ ಸುತ್ತುತ್ತಿರುತ್ತದೆ. ಎರಡನ್ನೂ ಒಟ್ಟಿಗೆ ಪರಿಶೀಲಿಸೋಣ. ಅದಕ್ಕೆ ಕಾರ್ಸನ್ ಅವರ ಬದುಕೇ ಒಳ್ಳೆಯ ದಾರಿ.

ಮೀನಿನಿಂದ ಶುರುವಾದ ಓದು

ಕಾರ್ಸನ್ ಹುಟ್ಟಿದ್ದು 1907ರ ಮೇ 27ರಂದು, ಅಮೆರಿಕದ ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್‌ನಲ್ಲಿ. ಕಾಲೇಜಿಗೆ ಸೇರಿದ್ದು ಇಂಗ್ಲಿಷ್ ಓದಲು, ನಡುವೆ ಜೀವಶಾಸ್ತ್ರಕ್ಕೆ ಬದಲಾದರು. ಅವರು ಪದವಿ ಪಡೆದ 1929ರಲ್ಲೇ ಎಸ್ಟ್ರೊಜನ್ ಬಳಗದ ಮೊದಲ ಹಾರ್ಮೋನನ್ನು ವಿಜ್ಞಾನಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿದ್ದರು.

1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ಪ್ರಬಂಧದ ವಿಷಯ, ಮರಿ ಕ್ಯಾಟ್‌ಫಿಶ್‌ನಲ್ಲಿ ಪ್ರೊನೆಫ್ರಾಸ್ ಎಂಬ ಅಂಗ ಬೆಳೆಯುವ ಬಗೆ. ಇದು ಮೀನಿನ ಮೊದಲ ಮೂತ್ರಪಿಂಡ, ತಲೆಯ ಹಿಂಭಾಗದಲ್ಲೇ ಇರುತ್ತದೆ. ನಮ್ಮಲ್ಲಿ ರಕ್ತಕಣಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಮೀನಿನ ಮೂಳೆಯಲ್ಲಿ ಆ ಕೆಲಸ ನಡೆಯುವುದಿಲ್ಲ. ಹೆಚ್ಚಿನ ಮೀನುಗಳಲ್ಲಿ ಮಜ್ಜೆಯ ಕೆಲಸವನ್ನು ಮುಂದೆ ಈ ‘ತಲೆ ಮೂತ್ರಪಿಂಡ’ದ ಭಾಗವೇ ಮಾಡುತ್ತದೆ. ರೋಗಾಣುಗಳನ್ನು ನುಂಗುವ ಕಣಗಳು ಅಲ್ಲೇ ತಯಾರಾಗುತ್ತವೆ.

ಸರ್ಕಾರಿ ನೌಕರಿಯಿಂದ ಪುಸ್ತಕಕ್ಕೆ

1935ರಲ್ಲಿ ತಂದೆ ತೀರಿಕೊಂಡರು. ಮನೆ ನಡೆಸಬೇಕಿತ್ತು. ಸರ್ಕಾರದ ಮೀನುಗಾರಿಕೆ ಇಲಾಖೆಗೆ ರೇಡಿಯೊ ಕಾರ್ಯಕ್ರಮ ಬರೆದುಕೊಡುವ ಕೆಲಸ ಹಿಡಿದರು. ಮರುವರ್ಷ ಅಲ್ಲೇ ಜಲಜೀವಶಾಸ್ತ್ರಜ್ಞೆಯಾಗಿ ನೌಕರಿ ಸಿಕ್ಕಿತು. 1951ರಲ್ಲಿ ಬಂದ ಸಮುದ್ರದ ಬಗೆಗಿನ ಪುಸ್ತಕ ಹೆಸರು, ಹಣ ಎರಡನ್ನೂ ತಂದಿತು. 1952ರಲ್ಲಿ ನೌಕರಿ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿದರು.

ಆ ಹೊತ್ತಿಗೆ ಡಿಡಿಟಿಯನ್ನು ವಿಮಾನಗಳಿಂದ ಕಾಡು, ಹೊಲಗಳ ಮೇಲೆ ಸುರಿಯಲಾಗುತ್ತಿತ್ತು. 1954ರಲ್ಲಿ ಕೆನಡಾದ ಮಿರಾಮಿಶಿ ನದಿಯ ಸುತ್ತ ಸಿಂಪಡಿಸಿದಾಗ ಸಾಲ್ಮನ್ ಮರಿಗಳು ರಾಶಿ ರಾಶಿಯಾಗಿ ಸತ್ತವು. ಇನ್ನೊಂದು ಸುಳಿವು 1950ರಲ್ಲೇ ಸಿಕ್ಕಿತ್ತು. ಡಿಡಿಟಿ ಕೊಟ್ಟ ಹುಂಜದ ಮರಿಗಳ ವೃಷಣ, ಜುಟ್ಟು ಸರಿಯಾಗಿ ಬೆಳೆಯಲಿಲ್ಲ. ಅಂದರೆ ಈ ವಿಷ ಎಸ್ಟ್ರೊಜನ್ನಿನಂತೆ ನಟಿಸುತ್ತದೆ ಎಂಬ ಅನುಮಾನ ಬಂದಿತ್ತು.

ಇಂಥ ಹಲವು ವರದಿಗಳನ್ನು ಜೋಡಿಸಿ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಪ್ರಕಟಿಸಿದರು. ಬರೆಯುತ್ತಿರುವಾಗಲೇ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಕೀಟನಾಶಕ ಕಂಪನಿಗಳು ಹರಿಹಾಯ್ದರೂ ಕಾಯಿಲೆಯ ಸುದ್ದಿ ಹೊರಗೆ ಬಿಡದೆ 1963ರಲ್ಲಿ ಸೆನೆಟ್ ಸಮಿತಿಯೆದುರು ಸಾಕ್ಷಿ ಹೇಳಿದರು. 1964ರ ಏಪ್ರಿಲ್ 14ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡರು.

ಆಮೇಲೆ ತಿಳಿದದ್ದು

ಮೀನಿನ ರೋಗನಿರೋಧಕ ಕಣಗಳಲ್ಲೂ ಎಸ್ಟ್ರೊಜನ್ ಗ್ರಾಹಕಗಳಿವೆ ಎಂದು ಬಳಿಕದ ಸಂಶೋಧನೆ ತೋರಿಸಿತು. ಗ್ರಾಹಕವೆಂದರೆ ಬೀಗ, ಹಾರ್ಮೋನು ಅದರ ಕೀಲಿ. ಕೀಲಿ ತಿರುಗಿದಾಗ ಕಣದ ಕೆಲಸ ಬದಲಾಗುತ್ತದೆ. ಹಲವು ಪ್ರಯೋಗಗಳಲ್ಲಿ, ಎಸ್ಟ್ರೊಜನ್ ಹೆಚ್ಚಾದಾಗ ರೋಗಾಣು ನುಂಗುವ ಶಕ್ತಿ ಕುಗ್ಗಿದೆ. ಎಲ್ಲ ಮೀನಿನಲ್ಲೂ ಒಂದೇ ತರಹವಲ್ಲ. ಜಾತಿ, ಪ್ರಮಾಣ, ಸಮಯ ನೋಡಿಕೊಂಡು ಪರಿಣಾಮ ಬದಲಾಗುತ್ತದೆ.

ಮೊಟ್ಟೆ ಕಟ್ಟುವ ಕಾಲದಲ್ಲಿ ಹೆಣ್ಣು ಮೀನಿನಲ್ಲಿ ಎಸ್ಟ್ರೊಜನ್ ಏರುತ್ತದೆ, ಮತ್ತೆ ಇಳಿಯುತ್ತದೆ. ಅದು ಸಹಜ. ಹೊರಗಿನಿಂದ ನೀರಿಗೆ ಬಿದ್ದ ರಾಸಾಯನಿಕಕ್ಕೆ ಕಾಲದ ಲೆಕ್ಕವಿಲ್ಲ, ತೊಂದರೆ ಅಲ್ಲಿದೆ. ಕೆನಡಾದ ಒಂಟಾರಿಯೊದಲ್ಲಿ 2001ರಿಂದ 2003ರವರೆಗೆ ಒಂದು ಕೆರೆಗೆ ಗರ್ಭನಿರೋಧಕ ಮಾತ್ರೆಯ ಎಸ್ಟ್ರೊಜನ್ನನ್ನು ಅತಿ ಸಣ್ಣ ಪ್ರಮಾಣದಲ್ಲಿ ಸೇರಿಸಿ ನೋಡಿದರು. ಗಂಡು ಮೀನುಗಳಲ್ಲೂ ಮೊಟ್ಟೆಯ ಪ್ರೋಟೀನ್ ಕಾಣಿಸಿತು. ಅಲ್ಲಿನ ಸಣ್ಣ ಮಿನ್ನೋ ಮೀನುಗಳ ಸಂತತಿಯೇ ಕುಸಿಯಿತು.

ನಮ್ಮ ತಾಲೂಕಿನ ಪಾಠ

ಇದು ದೂರದ ಕಥೆಯಲ್ಲ. ಗುರುವಾಯನಕೆರೆ ಇರುವ ಬೆಳ್ತಂಗಡಿ ತಾಲೂಕಿನದೇ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಹಿರಿಯರು ಮರೆತಿಲ್ಲ. ಎಂಡೋಸಲ್ಫಾನ್ ಮೀನಿಗೆ ಕಡು ವಿಷ. ಪ್ರಯೋಗಾಲಯದಲ್ಲಿ ಎಸ್ಟ್ರೊಜನ್ನಿನಂಥ ದುರ್ಬಲ ಗುಣವನ್ನೂ ತೋರಿಸಿದೆ. ಕಾರ್ಸನ್ ಎಚ್ಚರಿಸಿ ದಶಕಗಳು ಕಳೆದ ಮೇಲೂ ಅದೇ ತಪ್ಪು ನಮ್ಮ ತಲೆಯ ಮೇಲೆ ಹಾರಿತು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಬಳಕೆಯನ್ನೇ ತಡೆದದ್ದು 2011ರ ಮೇ ತಿಂಗಳಲ್ಲಿ.

ಹಾಗಾದರೆ ಸತ್ಯವೇನು?

ಕಾರ್ಸನ್ ಎಲ್ಲ ಕೀಟನಾಶಕವನ್ನೂ ನಿಷೇಧಿಸಿ ಎನ್ನಲಿಲ್ಲ, ಕಣ್ಣುಮುಚ್ಚಿ ಸುರಿಯಬೇಡಿ ಎಂದರು. ಅಮೆರಿಕ ಡಿಡಿಟಿ ನಿಷೇಧಿಸಿದ್ದು 1972ರಲ್ಲಿ, ಅವರು ತೀರಿಕೊಂಡು ಎಂಟು ವರ್ಷದ ನಂತರ. ಆಮೇಲೂ ಭಾರತದಲ್ಲಿ ರೋಗ ಹರಡುವ ಕೀಟಗಳ ವಿರುದ್ಧ ಡಿಡಿಟಿ ಬಳಕೆ ಮುಂದುವರಿಯಿತು. ಮಲೇರಿಯಾದ ಸಾವುಗಳನ್ನು ಅವರ ತಲೆಗೆ ಕಟ್ಟುವುದು ಸುಳ್ಳು.

ಇನ್ನು ಮೀನಿನ ವಿಷಯ. ಹೆಣ್ಣಿರಲಿ, ಗಂಡಿರಲಿ, ಎಲ್ಲ ಮೀನಿನಲ್ಲೂ ಎಸ್ಟ್ರೊಜನ್ ಸಹಜವಾಗಿಯೇ ಇರುತ್ತದೆ. ಅದಕ್ಕಾಗಿ ಬಂಗುಡೆ ಸಾರು ಬಿಡಬೇಕಾಗಿಲ್ಲ. ಕಾಳಜಿ ಬೇಕಾದದ್ದು ನೀರಿನ ಬಗ್ಗೆ. ಉಳಿದ ಕೀಟನಾಶಕ, ಹಳೆಯ ಮಾತ್ರೆಗಳನ್ನು ಕೆರೆಗೂ ತೋಡಿಗೂ ಎಸೆಯಬೇಡಿ. ಸಿಂಪಡಿಸುವ ಡಬ್ಬವನ್ನು ಹೊಳೆಯಲ್ಲಿ ತೊಳೆಯಬೇಡಿ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.