ಎಡ್ವರ್ಡ್ ಡಾಯ್ಸಿಯವರ ಜೀವನವೂ ಅವರ ಶೋಧನೆಯ ಫಲವೂ

ಅಮೆರಿಕಾ ದೇಶದ ಇಲಿನಾಯ್ ಸಂಸ್ಥಾನದಲ್ಲಿ ಹ್ಯೂಮ್ ಎಂಬ ಸಣ್ಣ ಊರೊಂದುಂಟು. ಎಡ್ವರ್ಡ್ ಅಡೆಲ್ಬರ್ಟ್ ಡಾಯ್ಸಿಯವರು 1893ನೆಯ ಇಸವಿ ನವೆಂಬರ್ 13ರಂದು ಅಲ್ಲಿ ಜನಿಸಿದರು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿ, 1920ರಲ್ಲಿ ಹಾರ್ವರ್ಡಿನ ಡಾಕ್ಟರ್ ಪದವಿಯನ್ನು ಪಡೆದರು. ಅಷ್ಟರಲ್ಲಿಯೇ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ ನೆಲೆಸಿದ್ದರು.

ಅಲ್ಲಿ ಅಂಗರಚನಾಶಾಸ್ತ್ರಜ್ಞರಾದ ಎಡ್ಗರ್ ಅಲೆನ್ನರ ಸ್ನೇಹವು ಇವರಿಗೆ ದೊರೆಯಿತು. ಅಂಡಾಶಯದ ರಸದಲ್ಲಿ ಸ್ತ್ರೀದೇಹವನ್ನು ನಿಯಮಿಸುವ ದ್ರವ್ಯವೊಂದು ಇರಬೇಕೆಂದು ಅಲೆನ್ನರು ಊಹಿಸಿದ್ದರು. ಅದನ್ನು ಬೇರ್ಪಡಿಸಲು ರಸಾಯನಶಾಸ್ತ್ರಜ್ಞನ ಕೈ ಬೇಕಾಗಿತ್ತು. ಈರ್ವರೂ ಹೆಣ್ಣುಹಂದಿಗಳ ಅಂಡಾಶಯದಿಂದ ಸತ್ತ್ವವನ್ನು ತೆಗೆದು, ಅಂಡಾಶಯವಿಲ್ಲದಂತೆ ಮಾಡಿದ ಇಲಿಗಳಿಗೆ ಕೊಟ್ಟು ನೋಡಿದರು. ಅವುಗಳಲ್ಲಿ ನಿಂತುಹೋಗಿದ್ದ ಋತುಲಕ್ಷಣಗಳು ಮರಳಿ ಕಾಣಿಸಿದವು. ಈ ವಿಷಯವು 1923ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಡಾಯ್ಸಿಯವರು ಸೇಂಟ್ ಲೂಯಿ ವಿಶ್ವವಿದ್ಯಾನಿಲಯವನ್ನು ಸೇರಿದರು. 1929ರಲ್ಲಿ ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋನ್ ಎಂಬ ದ್ರವ್ಯವನ್ನು ಹರಳಿನ ರೂಪದಲ್ಲಿ ಪಡೆದರು. ಜರ್ಮನಿಯಲ್ಲಿ ಬೂಟೆನಾಂಟರೂ ಅದೇ ವರ್ಷ ಸ್ವತಂತ್ರವಾಗಿ ಇದನ್ನೇ ಸಾಧಿಸಿದರು. ಬಳಿಕ ಡಾಯ್ಸಿಯವರೂ ಸಂಗಡಿಗರೂ ಸುಮಾರು ನಾಲ್ಕು ಟನ್ ತೂಕದ ಹಂದಿಯ ಅಂಡಾಶಯಗಳನ್ನು ಶೋಧಿಸಿ, ಒಂದು ಚಿಟಿಕೆಗೂ ಸಾಲದಷ್ಟು ಈಸ್ಟ್ರಡೈಯಾಲನ್ನು ಪಡೆದರು. ಇದು 1936ರ ಮಾತು. ಈಸ್ಟ್ರೊಜನ್ನುಗಳಲ್ಲಿ ಇದೇ ಅತ್ಯಂತ ಪ್ರಬಲವಾದುದು. ಇಂಥ ತಾಳ್ಮೆ ಯಾರಿಗೆ ತಾನೆ ಸುಲಭ!

ರಕ್ತವು ಹೆಪ್ಪುಗಟ್ಟಲು ಅವಶ್ಯವಾದ ಕೆ ಜೀವಸತ್ತ್ವದ ರಾಸಾಯನಿಕ ಸ್ವರೂಪವನ್ನು ತಿಳಿಸಿದುದಕ್ಕಾಗಿ ಇವರು 1943ರ ನೋಬೆಲ್ ಪಾರಿತೋಷಕವನ್ನು ಹೆನ್ರಿಕ್ ಡಾಮರೊಡನೆ ಹಂಚಿಕೊಂಡರು. 1986ನೆಯ ಇಸವಿ ಅಕ್ಟೋಬರ್ 23ರಂದು, ತೊಂಬತ್ತೆರಡನೆಯ ವಯಸ್ಸಿನಲ್ಲಿ, ದೈವಾಧೀನರಾದರು.

ಅವರು ತೀರಿಕೊಂಡ ವರ್ಷವೇ ಈಸ್ಟ್ರೊಜನ್ನನ್ನು ಹಿಡಿದುಕೊಳ್ಳುವ ಗ್ರಾಹಕವೆಂಬ ಪ್ರೋಟೀನಿನ ಜೀನನ್ನು ವಿದ್ವಾಂಸರು ಓದಿದರು. 1994ರಲ್ಲಿ ಮನುಷ್ಯರ ರಕ್ತನಾಳಗಳ ಸ್ನಾಯುಕೋಶಗಳಲ್ಲಿಯೂ ಈ ಗ್ರಾಹಕವು ಕೆಲಸ ಮಾಡುತ್ತಿರುವುದೆಂದು ತಿಳಿದುಬಂದಿತು. ಸಂತಾನಕ್ಕೆ ಮಾತ್ರ ಸಂಬಂಧಪಟ್ಟುದೆಂದು ಎಣಿಸಿದ್ದ ದ್ರವ್ಯವು ರಕ್ತನಾಳಗಳೊಡನೆಯೂ ಮಾತಾಡುವುದೆಂದಾಯಿತು. ಈಸ್ಟ್ರೊಜನ್ ಕೋಶದೊಳಗೆ ಹೊಕ್ಕು ಗ್ರಾಹಕದೊಡನೆ ಕೂಡುತ್ತದೆ. ಆ ಜೋಡಿಯು ಕೋಶಕೇಂದ್ರದಲ್ಲಿ ಕೆಲವು ಜೀನುಗಳ ಕಾರ್ಯವನ್ನು ಹೆಚ್ಚಿಸಿ, ಕೆಲವನ್ನು ತಗ್ಗಿಸುತ್ತದೆ. ನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡನ್ನು ತಯಾರಿಸುವ ಕಿಣ್ವದ ಜೀನು ಹೀಗೆ ಚುರುಕಾಗುವುವುಗಳಲ್ಲಿ ಒಂದು. ಆ ಅನಿಲದಿಂದ ನಾಳವು ಸಡಿಲಗೊಂಡು ರಕ್ತವು ಸರಾಗವಾಗಿ ಹರಿಯುತ್ತದೆ.

ಹಾಗಾದರೆ ಮುಟ್ಟು ನಿಂತ ಸ್ತ್ರೀಯರೆಲ್ಲರಿಗೂ ಈ ದ್ರವ್ಯವನ್ನು ಔಷಧವಾಗಿ ಕೊಟ್ಟರೆ ಹೃದಯವು ಸುರಕ್ಷಿತವಾಗುವುದೆಂದು ಅನೇಕರು ನಂಬಿದರು. ಆದರೆ ಅಮೆರಿಕಾದಲ್ಲಿ 16,608 ಸ್ತ್ರೀಯರ ಮೇಲೆ ನಡೆದ ಪರೀಕ್ಷೆಯಲ್ಲಿ, ಈಸ್ಟ್ರೊಜನ್ನನ್ನು ಪ್ರೊಜೆಸ್ಟಿನ್ನಿನೊಡನೆ ಸೇವಿಸಿದವರಲ್ಲಿ ಹೃದ್ರೋಗವೂ ಪಾರ್ಶ್ವವಾಯುವೂ ಸ್ತನದ ಕ್ಯಾನ್ಸರೂ ಹೆಚ್ಚಾಗಿ ಕಂಡವು. 2002ರಲ್ಲಿ ಆ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ವಯಸ್ಸೂ ನಾಳಗಳ ಸ್ಥಿತಿಯೂ ಬೇರೆಯಾದಂತೆ ಫಲವೂ ಬೇರೆಯಾಗಬಹುದೆಂಬುದು ಈಗ ಅನೇಕ ತಜ್ಞರ ಮತ.

ಪ್ರಿಯ ಸೋದರಿಯರೇ, ಒಂದು ಸತ್ಯವನ್ನು ಕಂಡಾಕ್ಷಣ ಎಲ್ಲವನ್ನೂ ಕಂಡೆವೆಂದು ಭಾವಿಸಲಾಗದು. ಚಿಟಿಕೆಯಷ್ಟು ಹರಳಿಗಾಗಿ ವರ್ಷಗಟ್ಟಲೆ ದುಡಿದ ಡಾಯ್ಸಿಯವರ ತಾಳ್ಮೆಯು ಶೋಧಕರಿಗೆ ಹೇಗೋ, ಔಷಧವನ್ನು ಕೊಡುವವರಿಗೂ ಸೇವಿಸುವವರಿಗೂ ಹಾಗೆಯೇ ಅವಶ್ಯಕವು.