ಎದೆಯ ಸದ್ದಿಗೆ ಕಿವಿಗೊಟ್ಟ ವೈದ್ಯ

ಸೋಮನಾಥಪುರದ ಕಡೆಯವರಾದ ನೀವು ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಿಡದಿದ್ದರೆ ಏನು ಮಾಡುತ್ತೀರಿ? ಶುಂಠಿ ಕಷಾಯ, ತುಳಸಿ ರಸ ಎಲ್ಲವೂ ಮುಗಿದ ಮೇಲೆ ಬನ್ನೂರಿಗೋ ಟಿ. ನರಸೀಪುರಕ್ಕೋ ಬಸ್ಸು ಹತ್ತುತ್ತೀರಿ. ಅಲ್ಲಿಯ ವೈದ್ಯರಿಗೆ ಅನುಮಾನ ಬಂದರೆ ಮೈಸೂರಿಗೆ ಹೋಗಲು ಹೇಳುತ್ತಾರೆ. ಕೆ.ಆರ್.ಎಸ್. ರಸ್ತೆಯ ಕ್ಷಯರೋಗ ಆಸ್ಪತ್ರೆಯನ್ನು ನಮ್ಮ ಹಿರಿಯರೆಲ್ಲ ಬಲ್ಲರು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ 1921ರಲ್ಲಿ ಆರಂಭವಾದ ಆಸ್ಪತ್ರೆ ಅದು. ಅವರನ್ನು ಬಲಿ ತೆಗೆದುಕೊಂಡದ್ದೂ ಕ್ಷಯವೇ. ಅರಮನೆಯ ಗೋಡೆ ಆ ರೋಗವನ್ನು ತಡೆಯಲಿಲ್ಲ.

ಈ ಎಲ್ಲ ಕಡೆಯೂ ವೈದ್ಯರು ಮಾಡುವ ಮೊದಲ ಕೆಲಸ ಒಂದೇ. ಕೊರಳಲ್ಲಿ ತೂಗುವ ಸ್ಟೆತಾಸ್ಕೋಪನ್ನು ಎದೆಗೂ ಬೆನ್ನಿಗೂ ಇಟ್ಟು, ಉಸಿರು ಎಳೆದು ಬಿಡಲು ಹೇಳುತ್ತಾರೆ. ಆ ಉಪಕರಣವನ್ನು ಕಂಡುಹಿಡಿದವರು ಯಾರೆಂದು ನೀವು ಯೋಚಿಸಿದ್ದೀರಾ? ಅವರು ನಮ್ಮ ಕಥೋಲಿಕ ವಿಶ್ವಾಸದಲ್ಲಿ ಬಾಳಿದ ಒಬ್ಬ ಫ್ರೆಂಚ್ ವೈದ್ಯರು. ಹೆಸರು ರೆನೆ ಲೆನೆಕ್.

1781ರ ಫೆಬ್ರವರಿ 17ರಂದು ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಕೆಂಪೇರ್ ಪಟ್ಟಣದಲ್ಲಿ ಅವರ ಜನನ. ಐದು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ವಕೀಲರಾಗಿದ್ದ ತಂದೆಗೆ ಪದ್ಯ ಕಟ್ಟುವುದರಲ್ಲಿದ್ದ ಆಸಕ್ತಿ ಮಕ್ಕಳನ್ನು ಸಾಕುವುದರಲ್ಲಿ ಇರಲಿಲ್ಲ. ಬಾಲಕ ಕೆಲಕಾಲ ಗುರುಗಳಾಗಿದ್ದ ಒಬ್ಬ ಚಿಕ್ಕಪ್ಪನ ಬಳಿ ಇದ್ದು, ಆಮೇಲೆ ನಾಂತ್ ನಗರದಲ್ಲಿ ವೈದ್ಯರಾಗಿದ್ದ ಇನ್ನೊಬ್ಬ ಚಿಕ್ಕಪ್ಪ ಗಿಯೋಮ್ ಅವರ ಮನೆ ಸೇರಿದ. ಅಷ್ಟರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಗಿತ್ತು. ಅವರ ಮನೆಯೆದುರಿನ ಚೌಕದಲ್ಲೇ ತಲೆ ಕಡಿಯುವ ಯಂತ್ರ ನಿಂತಿತ್ತು. ಅದನ್ನು ನೋಡುತ್ತಾ ಬೆಳೆದ ಹುಡುಗ ಹದಿನಾಲ್ಕರ ಹೊತ್ತಿಗೆ ಚಿಕ್ಕಪ್ಪನ ಕೈಕೆಳಗೆ ಆಸ್ಪತ್ರೆಯ ಕೆಲಸ ಕಲಿಯತೊಡಗಿದ.

1801ರಲ್ಲಿ ಲೆನೆಕ್ ಪ್ಯಾರಿಸ್ಸಿನ ವೈದ್ಯಶಾಲೆ ಸೇರಿದರು. ಕ್ರಾಂತಿಯು ಹಳೆಯ ವಿದ್ಯಾಪೀಠಗಳನ್ನು ಮುಚ್ಚಿಸಿದ ಮೇಲೆ 1794ರ ಕೊನೆಗೆ ಹೊಸದಾಗಿ ಕಟ್ಟಿದ ಶಾಲೆ ಅದು. ಹಿಂದೆ ವೈದ್ಯನಾಗುವವನು ಲತೀನ್ ಗ್ರಂಥಗಳನ್ನು ಬಾಯಿಪಾಠ ಮಾಡಿ ವಾದಿಸಿ ಗೆದ್ದರೆ ಸಾಕಾಗಿತ್ತು. ಹೊಸ ಶಾಲೆಯಲ್ಲಿ ಪಾಠ ನಡೆದದ್ದು ಜನರಾಡುವ ಫ್ರೆಂಚ್ ಭಾಷೆಯಲ್ಲಿ, ಅದೂ ರೋಗಿಯ ಹಾಸಿಗೆಯ ಪಕ್ಕದಲ್ಲಿ. ಔಷಧ ಕೊಡುವವನೂ ಶಸ್ತ್ರ ಹಿಡಿಯುವವನೂ ಒಟ್ಟಿಗೆ ಕಲಿಯಬೇಕಿತ್ತು. ರೋಗಿ ತೀರಿಕೊಂಡರೆ ಶವಪರೀಕ್ಷೆ ಮಾಡಿ, ಬದುಕಿದ್ದಾಗ ತಾವು ಊಹಿಸಿದ್ದು ಸರಿಯೋ ತಪ್ಪೋ ಎಂದು ಕಣ್ಣಾರೆ ನೋಡಬೇಕಿತ್ತು. ನಮ್ಮ ಮೈಸೂರು ವೈದ್ಯಕೀಯ ಕಾಲೇಜಿನ ಹುಡುಗ ಹುಡುಗಿಯರು ಬಿಳಿ ಕೋಟು ತೊಟ್ಟು ಗುರುಗಳ ಹಿಂದೆ ವಾರ್ಡಿನಿಂದ ವಾರ್ಡಿಗೆ ಹೋಗುವುದನ್ನು ನೀವು ನೋಡಿರಬಹುದು. ಆ ಬಗೆಯ ಕಲಿಕೆ ಬಲವಾಗಿ ಬೇರೂರಿದ ಕಡೆಗಳಲ್ಲಿ ಪ್ಯಾರಿಸ್ ಮುಖ್ಯವಾದದ್ದು.

ಲೆನೆಕ್ ಅವರ ಗುರು ಕೊರ್ವಿಸಾರ್, ನೆಪೋಲಿಯನ್ನನ ವೈದ್ಯರು. ನಾವು ಹಲಸಿನಹಣ್ಣನ್ನು ತಟ್ಟಿ ನೋಡುತ್ತೇವಲ್ಲ, ಹಾಗೆ ಎದೆಯನ್ನು ಬೆರಳಿನಿಂದ ತಟ್ಟಿ ಒಳಗೆ ನೀರು ತುಂಬಿದೆಯೋ ಇಲ್ಲವೋ ತಿಳಿಯುವ ವಿದ್ಯೆಯನ್ನು ಅವರು ಶಿಷ್ಯರಿಗೆ ಕಲಿಸಿದರು. 1803ರಲ್ಲಿ ಲೆನೆಕ್ ವೈದ್ಯಶಾಸ್ತ್ರ, ಶಸ್ತ್ರಚಿಕಿತ್ಸೆ ಎರಡರಲ್ಲೂ ಮೊದಲ ಬಹುಮಾನ ಪಡೆದರು. ಕ್ರಾಂತಿಯ ಗದ್ದಲದಲ್ಲಿ ಮಸುಕಾಗಿದ್ದ ವಿಶ್ವಾಸವನ್ನು ಅವರು ಮರಳಿ ಪಡೆದದ್ದೂ ಪ್ಯಾರಿಸ್ಸಿನಲ್ಲಿಯೇ. ಮರಿಯ ಮಾತೆಯ ಹೆಸರಿನಲ್ಲಿ ಯುವಕರು ಸೇರುತ್ತಿದ್ದ ಸಂಘವೊಂದರ ಸದಸ್ಯರಾಗಿ, ಕೊನೆಯವರೆಗೂ ಆ ದಾರಿ ಬಿಡಲಿಲ್ಲ.

ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. 1814ರ ಯುದ್ಧದಲ್ಲಿ ಗಾಯಗೊಂಡ ಬ್ರಿಟನಿಯ ಹಳ್ಳಿ ಹುಡುಗರು ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಬಿದ್ದಿದ್ದರು. ಅವರಿಗೆ ತಮ್ಮ ಬ್ರೆತೋನ್ ನುಡಿ ಬಿಟ್ಟರೆ ಫ್ರೆಂಚ್ ಬಾರದು. ನೋವೆಲ್ಲಿ ಎಂದು ಹೇಳಲೂ ಬಾರದೆ ಒದ್ದಾಡುತ್ತಿದ್ದ ಅವರನ್ನು ಲೆನೆಕ್ ಒಂದೆಡೆ ಸೇರಿಸಿ, ಅವರ ಭಾಷೆಯಲ್ಲೇ ಮಾತಾಡಿಸಿ ಉಪಚರಿಸಿದರು. ದೊಡ್ಡಾಸ್ಪತ್ರೆಯ ಕಿಟಕಿಯ ಮುಂದೆ ಇಂಗ್ಲಿಷ್ ಚೀಟಿ ಹಿಡಿದು ನಿಂತ ನಮ್ಮ ಹಳ್ಳಿಯವರಿಗೆ ಇದರ ಬೆಲೆ ಗೊತ್ತು.

1816ರಲ್ಲಿ ಅವರು ನೆಕ್ಕೇರ್ ಆಸ್ಪತ್ರೆಯ ವೈದ್ಯರಾದರು. ಅದೇ ವರ್ಷ ಹೃದಯದ ಕಾಯಿಲೆಯ ಒಬ್ಬ ಯುವತಿ ಅವರ ಬಳಿ ಬಂದಳು. ಮೈತುಂಬಿದವಳಾದ್ದರಿಂದ ಎದೆ ತಟ್ಟಿದರೆ ಏನೂ ತಿಳಿಯದು. ಎದೆಗೆ ಕಿವಿಯಿಟ್ಟು ಕೇಳುವುದು ಮರ್ಯಾದೆಯಲ್ಲ. ಉದ್ದನೆಯ ಮರದ ಒಂದು ತುದಿಯನ್ನು ಸೂಜಿಯಿಂದ ಕೆರೆದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಅದು ಸ್ಪಷ್ಟವಾಗಿ ಕೇಳುವುದು ಅವರ ನೆನಪಿಗೆ ಬಂತು. ಕಾಗದದ ಕಂತೆಯೊಂದನ್ನು ಬಿಗಿಯಾಗಿ ಸುತ್ತಿ ಅವಳ ಎದೆಗಿಟ್ಟು ಕಿವಿಗೊಟ್ಟರು. ಬರಿಯ ಕಿವಿಗೆ ಕೇಳುವುದಕ್ಕಿಂತ ಚೆನ್ನಾಗಿ ಹೃದಯದ ಬಡಿತ ಕೇಳಿಸಿತು. ಒಬ್ಬ ಹೆಣ್ಣುಮಗಳ ಸಂಕೋಚವನ್ನು ಗೌರವಿಸಿದ್ದರಿಂದ ಇಷ್ಟೆಲ್ಲ ಆಯಿತು, ನೋಡಿ.

ಕಾಗದದ ಸುರುಳಿ ಬೇಗನೆ ಸುಮಾರು ಒಂದಡಿ ಉದ್ದದ ಮರದ ಕೊಳವೆಯಾಯಿತು. ಚನ್ನಪಟ್ಟಣದವರು ಬೊಂಬೆ ಕಡೆಯುವಂತೆ ಲೆನೆಕ್ ತಾವೇ ಅದನ್ನು ಕಡೆದು ಮಾಡುತ್ತಿದ್ದರು. ಮೂರು ವರ್ಷ ರೋಗಿಗಳ ಎದೆಗೆ ಕಿವಿಗೊಟ್ಟು, ಕೇಳಿದ್ದನ್ನು ಬರೆದಿಟ್ಟು, ತೀರಿಕೊಂಡವರಲ್ಲಿ ಶವಪರೀಕ್ಷೆ ಮಾಡಿ ತಾಳೆ ನೋಡಿದರು. ಬಿಸಿ ಬಾಣಲೆಯಲ್ಲಿ ಉಪ್ಪು ಚಟಪಟ ಎಂದಂತೆ ಕೇಳಿದರೆ ಶ್ವಾಸಕೋಶದ ಉರಿಯೂತ. ಮಾತು ಮೇಕೆಯ ಕೂಗಿನಂತೆ ನಡುಗಿದರೆ ಪಕ್ಕೆಯೊಳಗೆ ನೀರು. ರೋಗಿಯ ಮಾತು ಎದೆಯೊಳಗಿಂದಲೇ ನೇರ ಕೊಳವೆಗೆ ಬಂದಂತಾದರೆ ಕ್ಷಯ ಕೊರೆದ ಗುಳಿ. ಈ ಸದ್ದುಗಳಿಗೆ ಅವರು ಮೊದಲು ಇಟ್ಟ ಫ್ರೆಂಚ್ ಪದ, ಸಾಯುವವರ ಗೊರಗೊರ ಉಸಿರಿಗೂ ಜನ ಬಳಸುತ್ತಿದ್ದ ಪದ. ರೋಗಿಗಳು ಹೆದರಬಾರದೆಂದು ಅವರ ಮುಂದೆ ಅದರ ಬದಲು ಲತೀನ್ ಪದ ಹೇಳುತ್ತಿದ್ದರು.

1819ರಲ್ಲಿ ಎರಡು ಸಂಪುಟಗಳ ಗ್ರಂಥ ಹೊರಬಂತು. ಇಂಗ್ಲಿಷಿಗೆ ಅನುವಾದಿಸಿದ ಫೋರ್ಬ್ಸ್ ಎಂಬ ವೈದ್ಯರಿಗೇ ಈ ಕೊಳವೆ ಎಲ್ಲೆಡೆ ಬಳಕೆಗೆ ಬಂದೀತೆಂಬ ನಂಬಿಕೆ ಇರಲಿಲ್ಲ! ಪ್ಯಾರಿಸ್ಸಿನಲ್ಲಿ, ಎಲ್ಲ ರೋಗಕ್ಕೂ ಉರಿಯೂತವೇ ಕಾರಣವೆಂದು ಜಿಗಣೆ ಹಚ್ಚಿ ರಕ್ತ ತೆಗೆಯುತ್ತಿದ್ದ ಬ್ರೂಸೆ ಎಂಬ ಪ್ರಸಿದ್ಧ ವೈದ್ಯರು ಬಲವಾಗಿ ವಿರೋಧಿಸಿದರು. ಆದರೂ ಪರದೇಶಗಳಿಂದ ಯುವ ವೈದ್ಯರು ಕಲಿಯಲು ಬಂದರು. ಮುಂದೆ ಒಂದು ಬಗೆಯ ಕ್ಯಾನ್ಸರಿಗೆ ತಮ್ಮ ಹೆಸರು ಬಿಟ್ಟುಹೋದ ಹಾಡ್ಕಿನ್ ಅವರಲ್ಲೊಬ್ಬರು.

ಒಂದು ಮಾತನ್ನು ಮರೆಮಾಚಿದರೆ ತಪ್ಪಾದೀತು. 1822ರ ನವೆಂಬರಿನಲ್ಲಿ ವಿದ್ಯಾರ್ಥಿಗಳ ಗಲಾಟೆಯ ನೆಪದಿಂದ ದೊರೆಯ ಸರ್ಕಾರ ಪ್ಯಾರಿಸ್ಸಿನ ವೈದ್ಯಶಾಲೆಯನ್ನೇ ಮುಚ್ಚಿಸಿತು. ಮರುವರ್ಷ ತೆರೆದಾಗ ಹನ್ನೊಂದು ಮಂದಿ ಪ್ರಾಧ್ಯಾಪಕರಿಗೆ ಸ್ಥಾನವಿರಲಿಲ್ಲ. ಶಾಲೆಯನ್ನು ಹೊಸದಾಗಿ ವ್ಯವಸ್ಥೆಗೊಳಿಸುವ ಕೆಲಸದಲ್ಲಿ ಲೆನೆಕ್ ಪಾಲುಗೊಂಡರು, ಪ್ರಾಧ್ಯಾಪಕ ಪದವಿಯನ್ನೂ ಪಡೆದರು. ಅವರು ಅದಕ್ಕೆ ಅರ್ಹರು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊರಗೆ ಹೋದವರೂ ಅರ್ಹರೇ ಆಗಿದ್ದರು. ದೊರೆಗೂ ಧರ್ಮಸಭೆಗೂ ನಿಷ್ಠರೆಂಬ ಕಾರಣಕ್ಕೆ ಕುರ್ಚಿ ಸಿಕ್ಕಿತೆಂದು ಹಲವರು ಆಡಿಕೊಂಡರು. ಆ ಮಾತನ್ನು ಪೂರ್ತಿ ಅಲ್ಲಗಳೆಯಲಾಗದು.

ಇಷ್ಟರ ನಡುವೆ ಕ್ಷಯ ಅವರ ಬೆನ್ನು ಬಿಟ್ಟಿರಲಿಲ್ಲ. 1810ರಲ್ಲಿ ತಮ್ಮನನ್ನು, 1816ರಲ್ಲಿ ಆಪ್ತಮಿತ್ರ ಬೇಲ್ ಅವರನ್ನು ಅದು ಕೊಂಡೊಯ್ದಿತ್ತು. ಕ್ಷಯವು ಒಬ್ಬರಿಂದೊಬ್ಬರಿಗೆ ಹರಡುವುದೆಂದು ಆ ಕಾಲದ ಹೆಚ್ಚಿನ ಫ್ರೆಂಚ್ ವೈದ್ಯರು ನಂಬುತ್ತಿರಲಿಲ್ಲ. ಅದರ ಕ್ರಿಮಿಯನ್ನು ಜರ್ಮನಿಯ ಕೋಖ್ ತೋರಿಸಿಕೊಟ್ಟದ್ದು 1882ರಲ್ಲಿ. ಹೀಗಾಗಿ ವರ್ಷಾನುಗಟ್ಟಲೆ ಕ್ಷಯರೋಗಿಗಳ ಉಸಿರಿನ ಪಕ್ಕದಲ್ಲೇ, ಕ್ಷಯದಿಂದ ಸತ್ತವರ ಶವಗಳ ಮೇಲೆ ಬಾಗಿ ಕೆಲಸ ಮಾಡಿದ ಲೆನೆಕ್‌ಗೆ ಯಾವ ರಕ್ಷಣೆಯೂ ಇರಲಿಲ್ಲ. ನಮಗಾದರೋ ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಯೂ ಔಷಧವೂ ಉಚಿತ. ಆದರೂ ನೆರೆಹೊರೆಯವರು ಏನೆಂದಾರು ಎಂದು ಮುಚ್ಚಿಟ್ಟುಕೊಳ್ಳುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೆನ್ನುವಿರಾ?

1826ರಲ್ಲಿ ಜ್ವರ, ಕೆಮ್ಮು ಹೆಚ್ಚಿದವು. ವೈದ್ಯರಾಗಿದ್ದ ಬಂಧು, ತಮಗಿಂತ ಕಿರಿಯ ಮೆರಿಯಾದೆಕ್‌ಗೆ ತಮ್ಮ ಎದೆಗೆ ಕೊಳವೆಯಿಟ್ಟು ಕೇಳಿದ್ದನ್ನು ವಿವರಿಸಲು ಹೇಳಿದರು. ಹುಡುಗ ವಿವರಿಸಿದ ಸದ್ದು ಯಾವುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆಗ ಪ್ರಪಂಚದಲ್ಲೇ ಇರಲಿಲ್ಲ. ತಮ್ಮ ಗ್ರಂಥದ ಎರಡನೆಯ ಆವೃತ್ತಿಯನ್ನು ಮುಗಿಸಿಕೊಟ್ಟು, ಮೇ ಕೊನೆಯಲ್ಲಿ ಪತ್ನಿ ಜಾಕ್ಲಿನ್‌ರೊಂದಿಗೆ ಗಾಡಿ ಹತ್ತಿ ಬ್ರಿಟನಿಯ ತಮ್ಮ ಊರಿನ ಕಡೆಗೆ ಹೊರಟರು. ಆಗಸ್ಟ್ 13ರಂದು, ಸಮುದ್ರಕ್ಕೆ ಹತ್ತಿರವಿದ್ದ ತಮ್ಮ ಮನೆಯಲ್ಲಿ, 45ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಉಯಿಲಿನಲ್ಲಿ ಮೆರಿಯಾದೆಕ್‌ಗೆ ತಮ್ಮ ಗಡಿಯಾರವನ್ನೂ ಉಂಗುರವನ್ನೂ ಬರೆದಿದ್ದರು. ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ಬಿಟ್ಟುಹೋದದ್ದು ಆ ಮರದ ಕೊಳವೆ.