ನಾರಾಯಣ ಗುರುಗಳು ಮತ್ತು ಕಳ್ಳಿನ ಗಡಿಗೆ

ಹರದನಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಗುರು ಎಂಬ ಶಬ್ದ ಕಿವಿಗೆ ಬಿದ್ದೊಡನೆ ತೋಂಟದ ಸಿದ್ಧಲಿಂಗ ಯತಿಗಳ ನೆನಪು ಬರುವುದು ಸಹಜ. ಅವರು ಈ ಊರಿನಲ್ಲಿಯೇ ಹುಟ್ಟಿ, ಗೋಸಲ ಚನ್ನಬಸವೇಶ್ವರರ ಶಿಷ್ಯರಾಗಿ, ನಾಡೆಲ್ಲ ಸಂಚರಿಸಿ, ಎಡೆಯೂರಿನಲ್ಲಿ ಸಮಾಧಿ ಹೊಂದಿದವರು. ನಾನೂ ಇದೇ ನೆಲದವನು. ಆದರೂ ಇಂದು ನಾನು ಬರೆಯಹೊರಟಿರುವುದು ಮಲೆಯಾಳ ಸೀಮೆಯಲ್ಲಿ ಹುಟ್ಟಿದ ನಾರಾಯಣ ಗುರುಗಳನ್ನು ಕುರಿತು. ಕಾರಣವನ್ನು ಮೊದಲೇ ಹೇಳಿಬಿಡುವುದು ಮೇಲು. ನನ್ನ ಮುಂದೆ ಪಾಠಕ್ಕೆ ಕುಳಿತುಕೊಳ್ಳುವ ಹದಿನಾರು ಹದಿನೇಳರ ಹುಡುಗರಲ್ಲಿ ಕೆಲವರ ಕಣ್ಣು ಜಾತ್ರೆಯ ಮರುದಿನ ಕೆಂಪಗಿರುತ್ತದೆ. ಅದು ನಿದ್ದೆಗೆಟ್ಟ ಕೆಂಪಲ್ಲವೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡೊಂದು 2023ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಹೊರಟು, ಜನ ವಿರೋಧಿಸಿದ ಮೇಲೆ ಬಿದ್ದುಹೋಯಿತು. ಆಗ ನಡೆದ ವಾದವೆಲ್ಲ ಅಂಕಿಯನ್ನು ಕುರಿತದ್ದು. ಹುಡುಗನ ಕೈಗೆ ಮೊದಲ ಬಟ್ಟಲನ್ನು ಕೊಡುವವರು ಯಾರು, ಯಾವ ಹೊತ್ತಿನಲ್ಲಿ ಎಂಬುದರ ಕಡೆಗೆ ಹೆಚ್ಚಿನವರ ಲಕ್ಷ್ಯ ಹರಿದಂತೆ ನನಗೆ ಕಾಣಲಿಲ್ಲ. ಆ ಪ್ರಶ್ನೆಯ ಬುಡಕ್ಕೇ ಕೈಯಿಟ್ಟವರೆಂದು ನಾರಾಯಣ ಗುರುಗಳ ಜೀವನ ನನಗೆ ಮುಖ್ಯವಾಗಿದೆ.

1855-56ರ ಸುಮಾರಿಗೆ ತಿರುವನಂತಪುರದ ಬಳಿಯ ಚೆಂಬಳಂದಿಯಲ್ಲಿ ಅವರು ಜನಿಸಿದರು. ತಂದೆ ಮಾಡನ್ ಆಶಾನ್, ತಾಯಿ ಕುಟ್ಟಿಯಮ್ಮ. ಆಶಾನ್ ಎಂದರೆ ಉಪಾಧ್ಯಾಯ. ಕುಲ ಈಳವರದು; ನಮ್ಮ ಕಡೆಯ ಈಡಿಗರಿಗೂ ತುಳುನಾಡಿನ ಬಿಲ್ಲವರಿಗೂ ಸಮೀಪವೆನಿಸುವ ಸಮುದಾಯ. ಬೇಸಾಯ, ನೇಯ್ಗೆ, ವೈದ್ಯ ಎಲ್ಲವೂ ಆ ಜನರಲ್ಲಿದ್ದರೂ ಲೋಕ ಅವರನ್ನು ಗುರುತಿಸಿದ್ದು ಮರವೇರಿ ಕಳ್ಳಿಳಿಸುವ ಕಸುಬಿನಿಂದ. ದೇವಾಲಯದ ಬಾಗಿಲು ಅವರಿಗೆ ಮುಚ್ಚಿತ್ತು. ಸರ್ಕಾರದ ಎಷ್ಟೋ ಶಾಲೆಗಳ ಬಾಗಿಲೂ ಮುಚ್ಚಿತ್ತು. ಓದಲಾರದ ಹುಡುಗ ಅಪ್ಪನ ಹಿಂದೆ ಮರದ ಬುಡಕ್ಕೆ ಹೋಗುವುದಲ್ಲದೆ ಮತ್ತೆಲ್ಲಿಗೆ ಹೋದಾನು?

ನಾಣು ಎಂಬ ಈ ಬಾಲಕ ಮಾತ್ರ ಓದಿನ ಮನೆಯಲ್ಲಿ ಹುಟ್ಟಿದವನು. ಕುಮ್ಮಂಪಿಳ್ಳಿ ರಾಮನ್ ಪಿಳ್ಳೆ ಆಶಾನರಲ್ಲಿ ಸಂಸ್ಕೃತದ ಕಾವ್ಯ, ವ್ಯಾಕರಣಗಳನ್ನು ಅಭ್ಯಾಸಮಾಡಿ ಊರಿಗೆ ಹಿಂದಿರುಗಿ, ಮಕ್ಕಳಿಗೆ ಪಾಠ ಹೇಳುತ್ತ ತಾವೂ ನಾಣು ಆಶಾನರೆನಿಸಿದರು. ಜೀವನಚರಿತ್ರೆ ಬರೆಯುವವರು ಈ ಭಾಗವನ್ನು ಬೇಗನೆ ದಾಟಿ ಮರುತ್ವಾಮಲೆಯ ಗುಹೆಗೂ ತಪಸ್ಸಿಗೂ ಹೋಗಿಬಿಡುತ್ತಾರೆ. ವೃತ್ತಿಯಿಂದ ಬಂದ ಪಕ್ಷಪಾತವಿರಬಹುದು, ನನಗಂತೂ ಈ ಮೇಷ್ಟರ ದಿನಗಳೇ ಮುಂದಿನದಕ್ಕೆಲ್ಲ ಬೇರೆಂದು ತೋರುತ್ತದೆ.

1888ರ ಶಿವರಾತ್ರಿಯಂದು ನೆಯ್ಯಾರ್ ನದಿಯಿಂದ ಎತ್ತಿ ತಂದ ಕಲ್ಲನ್ನು ಅರುವಿಪ್ಪುರದಲ್ಲಿ ಶಿವನೆಂದು ಪ್ರತಿಷ್ಠೆ ಮಾಡಿದ ಸಂಗತಿ ಎಲ್ಲರಿಗೂ ತಿಳಿದಿದೆ. ಅದಕ್ಕಿಂತ ಕಡಿಮೆ ಪ್ರಸಿದ್ಧವಾದುದು ಅವರ ಇನ್ನೊಂದು ಕೆಲಸ. ಕಳ್ಳು, ಮಾಂಸಗಳ ನೈವೇದ್ಯ ನಡೆಯುತ್ತಿದ್ದ ಎಷ್ಟೋ ಗುಡಿಗಳಲ್ಲಿ ಜನರ ಮನವೊಲಿಸಿ, ಹಳೆಯ ದೈವಗಳನ್ನು ತೆಗೆಸಿ, ಶಿವನನ್ನೋ ಸುಬ್ರಹ್ಮಣ್ಯನನ್ನೋ ಅವರು ನೆಲೆಗೊಳಿಸಿದರು. ಇದನ್ನು ಮೇಲುವರ್ಗದ ಆಚಾರದ ಅನುಕರಣೆಯೆಂದು ಹಳಿದವರುಂಟು. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ದೈವಕ್ಕಿಟ್ಟ ಕಳ್ಳು ಪ್ರಸಾದವಾಗಿ ಹಂಚಿಹೋಗುವ ಸಾಲಿನಲ್ಲಿ ಮಕ್ಕಳೂ ನಿಂತಿರುತ್ತಾರೆ. ನಮ್ಮ ಸೀಮೆಯ ಮಾರಿಹಬ್ಬಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಗುಟುಕು ಅಂಗಡಿಯಲ್ಲಿ ಅಲ್ಲ, ಮನೆಯವರ ಕಣ್ಣೆದುರಿಗೇ, ಭಕ್ತಿಯ ಹೆಸರಿನಲ್ಲಿ ಗಂಟಲಿಗಿಳಿಯುತ್ತದೆ. ಗುರುಗಳು ತಡೆದದ್ದು ಆ ಗುಟುಕನ್ನು.

ಮೈಸೂರಿಗೂ ಈ ಕಥೆಗೂ ನಂಟಿದೆ. ವೈದ್ಯ ಪದವಿ ಪಡೆದರೂ ಜಾತಿಯ ಕಾರಣ ತಿರುವಾಂಕೂರಿನಲ್ಲಿ ಕೆಲಸ ಸಿಗದ ಡಾ. ಪಲ್ಪು ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಬೆಂಗಳೂರಿನ ಪ್ಲೇಗಿನ ದಿನಗಳಲ್ಲಿ ದುಡಿದರು. ತಮ್ಮ ಜನರಿಗೆ ಶಾಲೆ ಮತ್ತು ನೌಕರಿಯ ಬಾಗಿಲು ತೆರೆಯಬೇಕೆಂದು 13,176 ಜನರ ಸಹಿಯುಳ್ಳ ಬಿನ್ನವತ್ತಳೆಯನ್ನು 1896ರಲ್ಲಿ ತಿರುವಾಂಕೂರು ಸರ್ಕಾರಕ್ಕೆ ಸಲ್ಲಿಸಿದವರು ಅವರೇ. ಗುರುಗಳ ಶಿಷ್ಯ, ಮುಂದೆ ಮಹಾಕವಿಯಾದ ಕುಮಾರನ್ ಆಶಾನ್ ಇವರ ಆಶ್ರಯದಲ್ಲಿ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಓದಿದರು. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪಿತವಾದಾಗ ಗುರುಗಳು ಅಧ್ಯಕ್ಷರು, ಆಶಾನ್ ಕಾರ್ಯದರ್ಶಿ. ಋತುಮತಿಯಾದ ಹೆಣ್ಣುಮಕ್ಕಳ ಹೆಸರಿನಲ್ಲಿ ನಡೆಯುತ್ತಿದ್ದ ದುಂದಿನ ಉತ್ಸವಗಳನ್ನೂ ಸಾಲಮಾಡಿ ಉಣಿಸುವ ಮದುವೆಗಳನ್ನೂ ಬಿಡಿಸಲು ಸಂಘ ಊರೂರುಗಳಲ್ಲಿ ಶ್ರಮಿಸಿತು.

ಮಂಗಳೂರಿನ ಬಿಲ್ಲವರು ಹೊಯ್ಗೆಬಜಾರಿನ ಕೊರಗಪ್ಪನವರ ಮುಂದಾಳುತನದಲ್ಲಿ ಗುರುಗಳನ್ನು ಕರೆತಂದರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಮೂರ್ತೆದಾರಿಕೆಯಿಂದ ಹೊಟ್ಟೆ ಹೊರೆಯುವವರಿಗೆ ಪೂಜಿಸಲು ತಮ್ಮದೇ ಆದ ದೇವಸ್ಥಾನ ದೊರಕಿತು. ಆದರೆ ಐದು ವರ್ಷ ಕಳೆಯುವುದರೊಳಗೆ, 1917ರಲ್ಲಿ, ಇಷ್ಟೆಲ್ಲ ಗುಡಿಗಳನ್ನು ಸ್ಥಾಪಿಸಿದ ಅವರೇ ಇನ್ನು ಗುಡಿ ಕಟ್ಟುವುದು ಸಾಕು, ಮುಖ್ಯ ದೇಗುಲ ವಿದ್ಯಾಲಯವೇ ಆಗಬೇಕೆಂದು ಸಾರಿದರು. ಕೈಹಿಡಿದ ದಾರಿಯನ್ನು ಅದು ಯಶಸ್ವಿಯಾಗಿರುವಾಗಲೇ ಬದಲಿಸುವುದು ಎಲ್ಲರಿಗೂ ಸಾಧ್ಯವಾಗುವುದಲ್ಲ.

ಕಳ್ಳನ್ನು ಕುರಿತ ಅವರ ಪ್ರಖ್ಯಾತ ಸಂದೇಶ ಬಂದದ್ದು 1921ರ ಸುಮಾರಿಗೆ, ಹುಟ್ಟುಹಬ್ಬದ ಸಂದರ್ಭದಲ್ಲಿ. ಮದ್ಯ ವಿಷ, ಅದನ್ನು ಇಳಿಸಬಾರದು, ಕೊಡಬಾರದು, ಕುಡಿಯಬಾರದು ಎಂಬುದು ಅದರ ತಿರುಳು. ಕುಡಿಯಬೇಡಿರೆಂದು ಹೇಳುವ ಸಾಧುಗಳು ನಮ್ಮಲ್ಲಿ ಬಹಳ ಮಂದಿ. ಇಳಿಸಬೇಡಿರೆಂದು ಇಳಿಸುವವರಿಗೇ ಹೇಳುವುದು ಬೇರೆ ಮಾತು. ಅನ್ನ ಕೊಡುತ್ತಿದ್ದ ಕಸುಬನ್ನೇ ತ್ಯಜಿಸಿರೆಂದ ಹಾಗಾಯಿತು ಅದು. ಅಬಕಾರಿ ಗುತ್ತಿಗೆಯಿಂದ ಶ್ರೀಮಂತರಾದವರು ಆ ಸಮುದಾಯದಲ್ಲಿಯೇ ಇದ್ದರು. ತಿರುವಾಂಕೂರಿನ ಬೊಕ್ಕಸಕ್ಕೂ ಅದು ದೊಡ್ಡ ಆದಾಯ. ಕಳ್ಳಿಳಿಸುವ ಕತ್ತಿಯೊಂದನ್ನು ತುಂಡರಿಸಿದರೆ ನಾಲ್ಕು ಕ್ಷೌರದ ಕತ್ತಿಗಳಾಗುತ್ತವೆ, ಆ ಕಸುಬೇ ಮೇಲೆಂದು ಗುರುಗಳು ಹೇಳುತ್ತಿದ್ದುದುಂಟು. ಕೇಳಿದವರು ನಕ್ಕಿರಬಹುದು, ಅವರು ವಿನೋದಕ್ಕೆ ಹೇಳಿದ್ದಲ್ಲ. ಶಿಷ್ಯ ಟಿ. ಕೆ. ಮಾಧವನ್ ಈ ಸಂದೇಶವನ್ನು ಹೊತ್ತು ಹಳ್ಳಿಗಳಲ್ಲಿ ಮದ್ಯವರ್ಜನದ ಪ್ರಚಾರ ಮಾಡಿದರು. 1922ರಲ್ಲಿ ರವೀಂದ್ರನಾಥ ಠಾಕೂರರು, 1925ರಲ್ಲಿ ಗಾಂಧೀಜಿ ಶಿವಗಿರಿಗೆ ಬಂದು ಗುರುಗಳನ್ನು ಕಂಡರು.

ಇಲ್ಲಿ ನನ್ನದೊಂದು ಮಾತು. ಆಗಸ್ಟ್ 1ರಂದು ನಮ್ಮ ಶಾಲೆಗಳಲ್ಲಿ ವ್ಯಸನಮುಕ್ತ ದಿನಾಚರಣೆ ನಡೆಯುತ್ತದೆ. ಊರೂರು ಅಲೆದು ಜನರ ದುಶ್ಚಟಗಳನ್ನೇ ಜೋಳಿಗೆಗೆ ಭಿಕ್ಷೆ ಬೇಡಿದ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜನ್ಮದಿನವದು. ಮಕ್ಕಳು ಸಾಲಾಗಿ ನಿಂತು ಪ್ರತಿಜ್ಞೆ ಮಾಡುತ್ತಾರೆ. ಒಳ್ಳೆಯದೇ. ಆದರೆ ಶಿವಯೋಗಿಗಳು ಜೋಳಿಗೆ ಹಿಡಿದು ಹೋದದ್ದು ದೊಡ್ಡವರ ಮನೆಬಾಗಿಲಿಗೆ. ನಾರಾಯಣ ಗುರುಗಳು ಹೇಳಿದ್ದೂ ಇಳಿಸುವ, ಮಾರುವ, ಬಡಿಸುವ ಕೈಗಳಿಗೆ. ಪ್ರತಿಜ್ಞೆಯ ಭಾರವನ್ನೆಲ್ಲ ಹದಿನೈದರ ಹುಡುಗನ ಮೇಲೆ ಹೊರಿಸಿ, ಸಂಜೆ ಅವನನ್ನೇ ಅಂಗಡಿಗೆ ಕಳುಹಿಸುವ ತಂದೆಯನ್ನು ಆ ದಿನ ನಾವು ಶಾಲೆಗೆ ಕರೆಯುವುದಿಲ್ಲ.

ಕಡೆಗಾಲದಲ್ಲಿ, 1927ರಲ್ಲಿ, ಕಳವಂಕೋಡದ ಭಕ್ತರು ಪ್ರತಿಷ್ಠೆಗೆ ಕರೆದಾಗ ಗುರುಗಳು ಗರ್ಭಗುಡಿಯಲ್ಲಿ ಕನ್ನಡಿಯೊಂದನ್ನು ಸ್ಥಾಪಿಸಿದರು. 1928ರ ಸೆಪ್ಟೆಂಬರ್ 20ರಂದು ಶಿವಗಿರಿಯಲ್ಲಿ ದೇಹವಿಟ್ಟರು. ಕಳ್ಳಿನ ಅಂಗಡಿಗಳು ಕೇರಳದಲ್ಲಿ ಮುಚ್ಚಲಿಲ್ಲ, ಇಂದಿಗೂ ಇವೆ. ಹೊಟ್ಟೆಪಾಡಿಗೆ ಮುಂಬಯಿ ಸೇರಿದ ಬಿಲ್ಲವರು ಅಲ್ಲಿ ಗುರುಗಳ ಹೆಸರಿಟ್ಟು ನಡೆಸಿದ್ದು ರಾತ್ರಿ ಶಾಲೆಯನ್ನು. ಹಗಲೆಲ್ಲ ದುಡಿದ ಹುಡುಗರು ಕತ್ತಲಾದ ಮೇಲೆ ಅಲ್ಲಿಗೆ ಓದಲು ಹೋದರು.